ಹಗ್ಗ ಕಟ್ಟಿದ ಜಾಗ

ನಮ್ಮ ಕ್ರೀಡಾಂಗಣದ ಮಣ್ಣಿನ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದವನನ್ನು ನಾವೆಲ್ಲ ರೋಲರಣ್ಣ ಎನ್ನುತ್ತಿದ್ದೆವು. ಅವನ ಹೆಂಡತಿಯಂತೂ "ಆ ಟ್ರ್ಯಾಕೇ ನನ್ನ ಸವತಿ" ಎಂದು ಗೊಣಗುತ್ತಿದ್ದಳು. ಮದುವೆಯ ಮರುದಿನವೂ ನಸುಕಿಗೇ ಎದ್ದು ರೋಲರ್ ಎಳೆಯಲು ಬಂದ ಆಸಾಮಿ ಅವನು! ಸಂಜೆ ನೀರು ಹಾಕಿದ ಜಾಗವನ್ನು ಯಾರೂ ತುಳಿಯದಂತೆ ಸುತ್ತ ಹಗ್ಗ ಕಟ್ಟುತ್ತಿದ್ದ, ಬೆಳಿಗ್ಗೆ ಹಗ್ಗ ಬಿಚ್ಚಿ ರೋಲರ್ ಎಳೆಯುತ್ತಿದ್ದ. ಅಲ್ಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ನಾನು ಅದಕ್ಕೇ ಅವನ ಕಾಲೆಳೆಯುತ್ತಿದ್ದೆ.

ಮಣ್ಣು ಕಿತ್ತು ಹೊಸ ಟ್ರ್ಯಾಕ್ ಹಾಕುವುದೆಂದಾದಾಗ, ಗ್ಯಾಲರಿಯ ಕೆಳಗಿನ ಕೋಣೆಗಳಲ್ಲಿ ಮ್ಯೂಸಿಯಂ ಮಾಡಲು ಒಬ್ಬ ಮೇಡಂ ಬಂದರು. ಬಹುಮಾನದ ಕಪ್‌ಗಳು, ಫೋಟೋ, ಓಟ ಶುರುಮಾಡುವ ಹಳೆಯ ಪಿಸ್ತೂಲು ಎಲ್ಲ ಸಿಕ್ಕವು. ಅವರ ಕಣ್ಣಿದ್ದದ್ದು ಮಣ್ಣಿನ ಮೇಲೆ. ಆ ಮಣ್ಣಿನ ಮೇಲಿನ ಕೊನೆಯ ಓಟದಲ್ಲಿ ಗೆದ್ದವಳ ಬೂಟಿನ ಮೊಳೆಗಳ ಗುರುತಿರುವ ಒಂದು ತುಂಡು ಬೇಕೇ ಬೇಕು ಎಂದರು. ಗೆದ್ದವಳು ರೋಲರಣ್ಣನ ಮಗಳೇ. ಮಂಡಿ ಹಾಳಾಗಿ ಅದೇ ಅವಳ ಕೊನೆಯ ಓಟವೂ ಆಯಿತು. ಓಟ ಮುಗಿದ ಸಂಜೆ ರೋಲರಣ್ಣನೇ ಆ ಗುರುತುಗಳ ಸುತ್ತ ಹಗ್ಗ ಕಟ್ಟಿದ.

ಮರುದಿನ ಬೆಳಿಗ್ಗೆ ಅವನೇ ಬಿಚ್ಚಿದ. ಹಗ್ಗ ಕಂಡರೆ ಬಿಚ್ಚಿ ರೋಲರ್ ಎಳೆದೇ ರೂಢಿಯಾದ ಕೈ, ತಲೆಯನ್ನು ಕೇಳಲಿಲ್ಲ. ನಾನು ಹೋದಾಗ ನೆಲ ಮಟ್ಟಸವಾಗಿತ್ತು, ಅವನ ಮುಖದಲ್ಲಿ ರಕ್ತವಿರಲಿಲ್ಲ. ಗೇಟಿನಲ್ಲಿ ಮಣ್ಣು ಕತ್ತರಿಸುವವರ ಲಾರಿ ಬಂದು ನಿಂತಿತ್ತು.

ಅಷ್ಟರಲ್ಲಿ ಮಗಳು ಕುಂಟುತ್ತಾ ಬಂದಳು. ಮ್ಯೂಸಿಯಂಗೆ ಕೊಡಲೆಂದು ಆ ಬೂಟು ತಂದಿದ್ದಳು. ನೆಲ ನೋಡಿ ಹಾಗೇ ನಿಂತುಬಿಟ್ಟಳು.

"ನಮ್ಮವ್ವಾ, ಬೂಟನ್ನ ಒಂದೆರಡು ಸಲ ಒತ್ತಿಬಿಡು. ಯಾರಿಗೂ ಗೊತ್ತಾಗಲ್ಲ," ಎಂದ ಅಪ್ಪ.

"ನಿಂಗೆ ಗೊತ್ತಿರತ್ತಲ್ಲಪ್ಪ."

ಮೇಡಂ ಬಂದೇಬಿಟ್ಟರು. "ಗುರುತೆಲ್ಲಿ? ನಿನ್ನೆ ಅಷ್ಟೊಂದು ಬಡ್ಕೊಂಡಿದ್ದೆಲ್ಲ ದಂಡ ಆಯ್ತಾ?"

"ಅಪ್ಪ ರೋಲರ್ ಎಳೆದುಬಿಟ್ರು, ಮೇಡಂ." ಮಗಳ ಕಣ್ಣು ತುಂಬಿತ್ತು, ಅವಳಿಗೆ ಅಪ್ಪನ ಮೇಲೆ ಸಿಟ್ಟೂ ಬಂದಿತ್ತು. "ಇದನ್ನೇ ಕತ್ತರಿಸಿ ಇಡಿ. ದಿನಾ ಬೆಳಿಗ್ಗೆ ನಾನು ಬರೋ ಹೊತ್ತಿಗೆ ನೆಲ ಹೀಗೇ ಇರ್ತಿತ್ತು. ಹೀಗಿರೋದರ ಫೋಟೋ ನಿಮ್ಮ ಹತ್ರ ಒಂದೂ ಇಲ್ಲ."

ಮೇಡಂ ತುಂಬ ಹೊತ್ತು ನೆಲ ನೋಡಿದರು, ರೋಲರಣ್ಣನ ಮುಖ ನೋಡಿದರು. ಕೊನೆಗೆ ಲಾರಿಯವರಿಗೆ ಬನ್ನಿ ಎಂದು ಕೈ ಮಾಡಿದರು. ಗರಗಸ ಹಿಡಿದವನು ನೇರ ಬಂದು ಆ ಮಟ್ಟಸ ನೆಲದ ಮೇಲಿಡಲು ಒಂದು ಕಾಲು ಎತ್ತಿದ.

ರೋಲರಣ್ಣ ಬಾಯಿ ತೆರೆಯುವ ಮೊದಲೇ ಮಗಳು ಚೀರಿದಳು: "ತುಳೀಬೇಡಿ!"