ಮಹಾನಂದಾಳ ಎರಡು ಬ್ಯಾಟರಿ

ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗವೇ ಆಗಿಬಾರದ ಮೈ ಪಡೆದದ್ದು ಮಹಾನಂದಾಳ ಹಣೆಬರಹ. ಮಗ್ಗದ ಕೋಣೆಗೆ ಕಾಲಿಟ್ಟರೆ ನೂಲಿನ ಧೂಳಿಗೆ ಉಬ್ಬಸ ಏಳುತ್ತಿತ್ತು. ಅಣ್ಣ ಬಾಬಣ್ಣನ ಜೊತೆ ನೇಯುತ್ತ ನಲವತ್ತರವರೆಗೆ ಹಲ್ಲು ಕಚ್ಚಿ ತಾಳಿದಳು. ಆಮೇಲೆ ಗಂಡ ಶಂಭು ಓಡಿಸುತ್ತಿದ್ದ ಹಳೆಯ ಮೆಟಡೋರಿನಲ್ಲೇ ಸಂಸಾರ ಹೂಡಿದಳು. ಒಂದು ಮಗ್ಗುಲಿಗೆ ಮಂಚ, ಇನ್ನೊಂದಕ್ಕೆ ಸ್ಟೋವು, ಮೇಲೆ ಸೀರೆಯ ಗಂಟು. ಊರೂರು ತಿರುಗಿ ಸೀರೆ ಮಾರುವುದು, ಗಾಡಿಯಲ್ಲೇ ಮಲಗುವುದು. ಮನೆ ಬಿಟ್ಟು ಬೀದಿಗೆ ಬಿದ್ದಳು ಎಂದು ಬಳಗ ಆಡಿಕೊಂಡಿತು. ಆಡಿಕೊಳ್ಳುವವರಿಗೇನು, ಅವರೇನು ಉಬ್ಬಸ ಹಂಚಿಕೊಳ್ಳುತ್ತಿದ್ದರೇ? ಬಯಲಿನ ಗಾಳಿಗೆ ಅವಳ ಎದೆ ಹಗುರಾಗಿತ್ತು.

ಹೊಲದಿಂದ ಹೆಂಗಸರು ಬರುವುದೇ ಸಂಜೆಗೆ, ಕರೆಂಟು ಹೋಗುವುದೂ ಆಗಲೇ. ಗಾಡಿಯ ಟ್ಯೂಬ್‌ಲೈಟ್ ಇಲ್ಲದಿದ್ದರೆ ಸೀರೆಯ ಬಣ್ಣ ಕಾಣದು. ಇನ್ವರ್ಟರ್ ಇಲ್ಲದಿದ್ದರೆ ಅವಳಿಗೆ ಔಷಧದ ಹಬೆ ಕೊಡುವ ಮಷೀನು ನಡೆಯದು. ಎರಡೂ ಸೇರಿ ಬ್ಯಾಟರಿ ಹೀರಿದರೆ ಬೆಳಿಗ್ಗೆ ಊರವರು ಗಾಡಿ ನೂಕಬೇಕು. ಶಂಭು ಇನ್ನೊಂದು ಬ್ಯಾಟರಿ ತಂದ. ಅದನ್ನು ಮೊದಲನೆಯದಕ್ಕೆ ಜೋಡಿಸಿಬಿಡಿ ಎಂದವಳು ಮಹಾನಂದಾಳೇ. ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ನೂಲಿಗೆ ಕುಣಿಕೆ ಹಾಕಿ ಕೂಡಿಸುವ ಊರಿನವಳು. ಕೂಡಿಸಿದ್ದೇ ಗಟ್ಟಿ ಎಂಬುದು ಅವಳ ನಂಬಿಕೆ.

2003ರ ಚಳಿಗಾಲ, ಐಹೊಳೆಯಲ್ಲಿ ಒಂದು ನಸುಕಿಗೆ ಎರಡೂ ಬ್ಯಾಟರಿ ಕೂಡಿಯೇ ಸತ್ತವು. ಮಷೀನು ನಿಂತಿತು, ಗಾಡಿಯೂ ಏಳಲಿಲ್ಲ. ನೂಕಲು ಜನ ಇರಲಿಲ್ಲ. ಉಸಿರಿಗೆ ಒದ್ದಾಡುತ್ತಿದ್ದವಳನ್ನು ಯಾರದೋ ಟ್ರ್ಯಾಕ್ಟರಿನಲ್ಲಿ ಹುನಗುಂದದ ಆಸ್ಪತ್ರೆಗೆ ಒಯ್ದರು. ಬದುಕಿದ್ದೇ ದೊಡ್ಡದು. ಬಾಬಣ್ಣ ಮಂಚದ ಪಕ್ಕ ಕೂತು ಕಣ್ಣೀರು ಹಾಕಿ ಮಾತು ತೆಗೆದುಕೊಂಡ: ಇನ್ನೊಮ್ಮೆ ಗಾಡಿ ಕೈಕೊಟ್ಟರೆ ಅದನ್ನು ಮಾರಿ ಇಳಕಲ್ಲಿಗೆ ಬಂದುಬಿಡಬೇಕು. ಮಹಾನಂದಾ ಹೂಂ ಎಂದಳು. ಇಳಕಲ್ಲು ಎಂದರೆ ಮತ್ತೆ ಅದೇ ಧೂಳು ಎಂದು ಅವಳಿಗೆ ಗೊತ್ತಿತ್ತು.

ಚೇತರಿಸಿಕೊಂಡದ್ದೇ ತಡ, ಬ್ಯಾಟರಿ ಅಂಗಡಿಯ ದೇವಪ್ಪನ ಮುಂದೆ ಹೋಗಿ ಕೂತಳು. ಗಾಡಿ ಎಬ್ಬಿಸುವ ಬ್ಯಾಟರಿ ಒಂದೇ ಏಟಿಗೆ ಜೋರಾಗಿ ಕರೆಂಟು ಕೊಡುತ್ತದೆ, ದಿನಾ ಬರಿದು ಮಾಡಿದರೆ ಕೆಡುತ್ತದೆ. ಒಳಗೆ ದಪ್ಪ ಪ್ಲೇಟು ಇರುವ ಬ್ಯಾಟರಿ ನಿಧಾನವಾಗಿ ಕೊಡುತ್ತದೆ, ಬರಿದಾದರೂ ತಾಳುತ್ತದೆ ಎಂದು ದೇವಪ್ಪ ತಿಳಿಸಿದ. ಹಾಗಾದರೆ ದಪ್ಪ ಪ್ಲೇಟಿನ ದೊಡ್ಡದೊಂದೇ ಸಾಕು ಎಂದ ಶಂಭು. ಮಹಾನಂದಾ ಒಪ್ಪಲಿಲ್ಲ.

“ಬಿತ್ತೋ ಜ್ವಾಳಾ, ಉಣ್ಣೋ ಜ್ವಾಳಾ ಒಂದ ಚೀಲದಾಗ ಇಡತಾರೇನ್ರಿ?”

ಮನೆಯ ಖರ್ಚಿಗೆ ದಪ್ಪ ಪ್ಲೇಟಿನದು, ಎಂಜಿನ್ನಿಗೆ ಅದರದೇ ಬೇರೆ. ಎಂಜಿನ್ ಓಡುವಾಗ ಎರಡೂ ಚಾರ್ಜಾಗಬೇಕು, ನಿಂತ ಕೂಡಲೇ ಸ್ವಿಚ್ಚು ತಿರುವಿ ಬೇರೆ ಮಾಡಬೇಕು. ಆ ಸ್ವಿಚ್ಚನ್ನು ತನ್ನ ದಿಂಬಿನ ಪಕ್ಕವೇ ಕೂಡಿಸಿಕೊಂಡಳು. ಗಂಡನ ಮರೆವಿನ ಮೇಲೆ ಅವಳಿಗೆ ಪೂರ್ತಿ ಭರವಸೆಯಿತ್ತು.

ಮುಂದಿನ ಸುಗ್ಗಿಯಲ್ಲಿ ಮರೋಳದಲ್ಲಿ ವ್ಯಾಪಾರ ಕುದುರಿತು. ಲಗ್ನದ ಕಾಲ, ಗಾಡಿ ನಾಲ್ಕಾರು ದಿನ ನಿಂತಲ್ಲೇ ನಿಂತಿತು, ಬ್ಯಾಟರಿ ಚಾರ್ಜಾಗಲಿಲ್ಲ. ಒಂದು ಸಂಜೆ ಹೆಂಗಸರ ಮುಂದೆ ಸೀರೆ ಬಿಡಿಸುತ್ತಿದ್ದಾಗ ಕಣದ ಹೊಟ್ಟು ಗಾಳಿಗೆ ಹಾರಿಬಂದು ಮಹಾನಂದಾಳ ಎದೆ ಕಟ್ಟಿತು. ಮಷೀನು ಹಚ್ಚಿದ ಸ್ವಲ್ಪ ಹೊತ್ತಿಗೇ ಲೈಟು ಮಂಕಾಯಿತು, ಮಷೀನು ನಿಂತಿತು. ಶಂಭು ದಿಕ್ಕೆಟ್ಟು ಸ್ವಿಚ್ಚಿಗೆ ಕೈ ಹಾಕಿದ. ಎಂಜಿನ್ನಿನ ಬ್ಯಾಟರಿ ಕೂಡಿಸಿದರೆ ಮಷೀನು ಆ ಕ್ಷಣವೇ ನಡೆಯುತ್ತಿತ್ತು, ಆದರೆ ಅದೂ ಬರಿದಾದರೆ ಐಹೊಳೆಯಲ್ಲಿ ಆದಂತೆ ಗಾಡಿ ಏಳುತ್ತಿರಲಿಲ್ಲ. ಮಹಾನಂದಾ ಅವನ ಮಣಿಕಟ್ಟು ಹಿಡಿದಳು. ಮಾತು ಹೊರಡುತ್ತಿರಲಿಲ್ಲ. ಸಾಯುವ ಹೆದರಿಕೆ ಅವಳಿಗೂ ಇತ್ತು, ಆ ಒಂದು ಗುಟುಕು ಹಬೆಗಾಗಿ ಜೀವ ಹಪಹಪಿಸುತ್ತಿತ್ತು. ಆದರೂ ಹಿಡಿದ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಸ್ಟೇರಿಂಗ್ ಕಡೆ ತೋರಿಸಿದಳು.

ಶಂಭು ಓಡಿಹೋಗಿ ಸೆಲ್ಫ್ ಹೊಡೆದ. ಎಂಜಿನ್ ಒಂದೇ ಏಟಿಗೆ ಎದ್ದಿತು. ಆಗ ಅವಳೇ ಸ್ವಿಚ್ಚು ತಿರುವಿದಳು. ಗಾಡಿ ಹುನಗುಂದದ ದಾರಿ ಹಿಡಿಯಿತು, ಮಷೀನು ಮತ್ತೆ ಗುಂಯ್ ಎನ್ನತೊಡಗಿತು.

ಮರುದಿನ ಬಾಬಣ್ಣ ಆಸ್ಪತ್ರೆಗೆ ಓಡಿ ಬಂದಾಗ ತಂಗಿ ಎದ್ದು ಕೂತು ಚಹಾ ಕುಡಿಯುತ್ತಿದ್ದಳು. ಕೊಟ್ಟ ಮಾತು ನೆನಪಿದೆಯೇ ಎಂದು ಕೇಳಿದ. ಗಾಡಿ ಕೈಕೊಟ್ಟಿಲ್ಲ, ಅದೇ ತನ್ನನ್ನು ಇಲ್ಲಿಗೆ ಕರೆತಂದದ್ದು ಎಂದಳು ಅವಳು.

“ಹಟಾ ಸಾಕವ್ವಾ,” ಎಂದ ಬಾಬಣ್ಣ. “ಎದ್ದ ಮನಿಗೆ ನಡಿ.”

ಮಹಾನಂದಾ ಕಪ್ಪು ಕೆಳಗಿಟ್ಟು, ಕಿಟಕಿಯಾಚೆ ಬೇವಿನ ಗಿಡದ ಕೆಳಗೆ ನೋಡಿದಳು.

“ಮನಿ ಹೊರಗ ನಿಂತೈತಿ, ಅಣ್ಣಾ.”