ಹಗ್ಗದ ಪಾಠ

ಬೆಳಿಗ್ಗೆ ಒಲೆಯ ಬೂದಿ ತೆಗೆದೆ. ಮೆಣಸನ್ನು ಬಿಸಿಲಿಗೆ ಹರವಿದೆ. ಅಂಗನವಾಡಿಯ ಬಾಗಿಲು ತೆಗೆದು, ಮಕ್ಕಳಿಗೆ ಉಪ್ಪಿಟ್ಟು ಬಡಿಸಿ, ಪಾತ್ರೆ ತೊಳೆಸಿ ಬೀಗ ಹಾಕಿದೆ. ಮಧ್ಯಾಹ್ನ, ತೀರಿಕೊಂಡ ರೈಟರ ಮಣ್ಣಿಗೆ ಹೋಗಿಬಂದೆ.

ಅವರ ಬಲಗೈ ತೋರುಬೆರಳು ಇವತ್ತೂ ಬಾಗಿಯೇ ಇತ್ತು. ಯಸಳೂರಿನ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದೂ ಬರೆದೂ ಪೆನ್ನು ಹಿಡಿದ ಆಕಾರಕ್ಕೇ ನಿಂತುಹೋದ ಬೆರಳು. ಅದೇ ಬೆರಳಿನಿಂದ, ಕಣದಲ್ಲಿ ಹರವಿದ ಕಾಫಿಯ ಮೇಲೆ ನನಗೆ ದಿನಕ್ಕೊಂದು ಇಂಗ್ಲಿಷ್ ಪದ ಬರೆದು ತೋರಿಸುತ್ತಿದ್ದರು. ನಾನು ಓದಿದ ಮೇಲೆ ಕಾಫಿ ಕೆದರಿ ಅಳಿಸುತ್ತಿದ್ದರು.

ಆಗ ನಾನು ಅಂಗನವಾಡಿ ಸಹಾಯಕಿ. ನಮ್ಮ ಟೀಚರ್ ನಿವೃತ್ತಿಯಾಗುವುದರೊಳಗೆ ಎಸ್ಸೆಸ್ಸೆಲ್ಸಿ ಮುಗಿಸಿದರೆ ಆ ಜಾಗ ನನಗೆ; ಇಲ್ಲವಾದರೆ ಕಡೆತನಕ ಪಾತ್ರೆ ತೊಳೆಯುವುದೇ. ಉಳಿದಿದ್ದದ್ದು ಇಂಗ್ಲಿಷ್ ಒಂದೇ.

ರೈಟರು ಚಿಕ್ಕಂದಿನಲ್ಲಿ ಮಂಗಳೂರು ಕಡೆ ಪಾದ್ರಿಗಳ ಹತ್ತಿರ ಲ್ಯಾಟಿನ್ ಕಲಿತಿದ್ದರಂತೆ. ಯಾವ ಪದ ಹಿಡಿದರೂ ಬೇರಿನತನಕ ಹೋಗದೆ ಬಿಡುತ್ತಿರಲಿಲ್ಲ. ಒಂದು ದಿನ ‘ಅಟೆಂಡ್’ ಬಂತು. ಟಾರ್ಪಾಲಿನ ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಎಳೆದು ಹಿಡಿದರು.

“ಇದು ‘ಟೆಂಡೆರೆ’. ಎಳೆಯೋದು, ಚಾಚೋದು. ‘ಆಡ್’ ಅಂದ್ರೆ ಕಡೆಗೆ. ಸಭೆಗೆ ಹೋದ್ರೂ ಅಟೆಂಡು, ಕಾಯಿಲೆಯೋರನ್ನ ನೋಡ್ಕಂಡ್ರೂ ಅಟೆಂಡು, ಕಿವಿಗೊಟ್ಟು ಕೇಳೋದ್ಕೂ ಹಿಂದೆ ಅದೇ ಮಾತು. ಮನಸ್ಸು ಅತ್ಲಾಗೆ ಚಾಚ್ಬೇಕು ಕಣಮ್ಮ. ನಾನು ಬರ್ದಿದ್ದು ಬರೀ ಹಾಜರಿ.”

ದಾರಿಯಲ್ಲಿ ಹೋಗುತ್ತಿದ್ದ ನಮ್ಮ ಯಜಮಾನರು, “ಇಂಗ್ಲಿಷ್ ಪಾಠನೋ ಹಗ್ಗದ ಪಾಠನೋ ರೈಟ್ರೇ? ಹಸಾನೂ ಹೊಡ್ಕಂಡ್ ಬರ್ಲಾ?” ಎಂದು ನಕ್ಕರು.

ಪರೀಕ್ಷೆಯಲ್ಲಿ ಅದೇ ಪದ ಬಂತು. ಅದನ್ನು ಬಳಸಿ ಒಂದು ವಾಕ್ಯ ಬರೆಯಬೇಕಿತ್ತು. ನಾನು ಹಗ್ಗ, ಲ್ಯಾಟಿನ್ ಎಲ್ಲ ಸೇರಿಸಿ, ಕನ್ನಡವನ್ನೂ ಬೆರೆಸಿ ಒಂದೂವರೆ ಪುಟ ತುಂಬಿಸಿದೆ. ಪತ್ರಲೇಖನಕ್ಕೆ ಹೊತ್ತೇ ಉಳಿಯಲಿಲ್ಲ. ಫೇಲಾದೆ.

ಸುದ್ದಿ ಕೇಳಿ ರೈಟರು ಜಗಲಿಯ ಮೇಲೆ ಕೂತರು. “ಅದು ನನ್ನ ಚಟ ಕಣಮ್ಮ. ನಿನ್ ತಲೆಗೂ ಹತ್ತಿಸ್ಬುಟ್ಟೆ.”

ಮಾರನೆಯ ದಿನದಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅವರೇ ನಮ್ಮ ಮನೆಗೆ ಬಂದರು. ಕೇಳಿದ್ದಕ್ಕಷ್ಟೇ ಉತ್ತರ, ಬೇರಿನ ಸುದ್ದಿಯೇ ಇಲ್ಲ. ಒಮ್ಮೆ ‘ಎಕ್ಸ್‌ಟೆಂಡ್’ ಬಂದಾಗ ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು. ಆ ಸಲ ಪಾಸಾದೆ. ಟೀಚರ್ ಆದೆ.

ಹೋದ ತಿಂಗಳು ಅವರು ಹಾಸಿಗೆ ಹಿಡಿದ ಮೇಲೆ ಸಂಜೆಯ ಗಂಜಿ ಕುಡಿಸುವುದು ನನ್ನ ಪಾಲಿಗೆ ಬಂತು. ಒಂದು ದಿನ ಕೇಳಿದೆ: “ಅವತ್ತು ಎಕ್ಸ್‌ಟೆಂಡ್ ಅಂದಾಗ ಮಾತು ನುಂಗ್ಕಂಡ್ರಲ್ಲ, ಏನದು?”

“ಯಾಕೆ, ಪರೀಕ್ಷೆ ಐತೇನಮ್ಮ?”

“ಇಲ್ಲ ರೈಟ್ರೇ.”

“ಹಂಗಾದ್ರೆ ಕೂತ್ಕ.”

‘ಎಕ್ಸ್’ ಎಂದರೆ ಹೊರಕ್ಕೆ, ಹಗ್ಗ ಅದೇ ಎಂದು ಶುರುಮಾಡಿದವರು ದೀಪ ಹಚ್ಚುವ ಹೊತ್ತಾದರೂ ನಿಲ್ಲಿಸಲಿಲ್ಲ. ಗಂಜಿ ಆರಿಹೋಯಿತು. ಮತ್ತೆ ಬಿಸಿ ಮಾಡಿ ಕುಡಿಸಿದೆ.

ಇವತ್ತು ಊಟಕ್ಕೆ ಅನ್ನ, ಹುರುಳಿಕಾಳಿನ ಸಾರು. ಉಣ್ಣುತ್ತಾ ಯಜಮಾನರು, “ಆ ಹಗ್ಗದ ಪಾಠ ಏನದು, ಹೇಳು” ಎಂದರು. ಮೊದಲಿನಿಂದ ಹೇಳಿದೆ. ಎಂಜಲು ಕೈ ಒಣಗಿದರೂ ಏಳದೆ ಕೇಳಿದರು. ಆಮೇಲೆ ಕೈ ತೊಳೆದು, ನನಗಿಂತ ಮೊದಲು ಯಜಮಾನರೇ ಮಲಗಿದರು.