ಓದದೆ ಹಾಕಿದ ಸಹಿ

ಮೌಲ್ಯಮಾಪನ ಕೇಂದ್ರಕ್ಕೆ ಒಂಬತ್ತಕ್ಕೆ ಬನ್ನಿ ಎಂದರೆ ನಾನು ಎಂಟೂ ಮುಕ್ಕಾಲಿಗೆ ಅಲ್ಲಿರುತ್ತೇನೆ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ನಿವೃತ್ತಳಾದ ಮೇಲೂ ಸೆಮಿಸ್ಟರಿಗೊಮ್ಮೆ ನನ್ನನ್ನು ಕೋಡಿಂಗ್ ಕೆಲಸಕ್ಕೆ ಕರೆಯುತ್ತಾರೆ. ಉತ್ತರ ಪತ್ರಿಕೆಯ ಮೇಲಿನ ರಿಜಿಸ್ಟರ್ ನಂಬರಿನ ಚೀಟಿ ಹರಿದು ತೆಗೆದು, ಬದಲಿಗೆ ಗುಟ್ಟಿನ ನಂಬರ್ ಹಾಕುವುದು. ಯಾರ ಪತ್ರಿಕೆ ಎಂದು ತಿದ್ದುವವರಿಗೆ ತಿಳಿಯಬಾರದು. ತಿಳಿಯಬಹುದಾದವರು ನಾವು ಮಾತ್ರ. ಅದಕ್ಕೇ ಮೊದಲ ದಿನ ಒಂದು ಫಾರ್ಮಿಗೆ ಸಹಿ ಹಾಕಬೇಕು: ನನ್ನ ಹತ್ತಿರದ ಸಂಬಂಧಿಕರು ಯಾರೂ ಈ ಪರೀಕ್ಷೆ ಬರೆದಿಲ್ಲ.

ಈ ಸಲ ಕೇಂದ್ರ ಇದ್ದದ್ದು ಕೆ.ಆರ್. ಪುರದ ಒಂದು ಕಾಲೇಜಿನಲ್ಲಿ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದೆ. ಹಿಂದೆ ನಿಂತಿದ್ದ ಇಬ್ಬರು ಹೊಸಬರಿಗೆ, ಓದಿ ಸಹಿ ಹಾಕಿ ಎಂದು ಬುದ್ಧಿ ಬೇರೆ ಹೇಳಿದೆ.

ಮರುದಿನ ಸಂಜೆ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತಿತ್ತು. ಸೊಸೆ ಫೋನ್ ಮಾಡಿದಳು. ವ್ಯಾಲ್ಯುಯೇಷನ್ ಶುರುವಾಯಿತಂತಲ್ಲ, ರಿಸಲ್ಟ್ ಯಾವಾಗ ಬರಬಹುದು ಎಂದು ಕೇಳಿದಳು. ಮನೆಗೆ ಬಂದು ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಮದುವೆಯಾದ ಮೇಲೆ ನಿಂತುಹೋಗಿದ್ದ ಬಿ.ಎಡ್.ನ ಕೊನೆಯ ಪೇಪರನ್ನು ಅವಳು ಈ ಸಲ ಬರೆದಿದ್ದಳು. ಪರೀಕ್ಷೆಯ ದಿನ ಐದಕ್ಕೆ ಎಬ್ಬಿಸಿ ಕಾಫಿ ಕೊಟ್ಟವಳು ನಾನು. ಮರೆತಿರಲಿಲ್ಲ. ಆದರೆ ಆ ಫಾರ್ಮ್ ಕಂಡರೆ ಕೈ ತಾನಾಗಿ ಸಹಿ ಹಾಕುತ್ತದೆ, ಅಷ್ಟು ವರ್ಷದ ಅಭ್ಯಾಸ. ಸೋಮವಾರ ಅದೇ ವಿಷಯದ ಎರಡು ಕಟ್ಟು ನನ್ನ ಕೈಯಿಂದಲೇ ಹೋಗಿದ್ದವು. ಅವಳ ನಂಬರ್ ಏನೆಂದು ನನಗೆ ಗೊತ್ತೇ ಇಲ್ಲ. ಗೊತ್ತಿಲ್ಲ ಎಂದರೆ ಯಾರು ನಂಬಬೇಕು? ಸ್ಟಾಪಿಗೆ ಬಹಳ ಮೊದಲೇ ಎದ್ದು ನಿಂತೆ. "ದೊಮ್ಮಲೂರು ಇನ್ನೂ ದೂರ ಇದೆ, ಕೂತ್ಕೊಳ್ಳಿ ಅಮ್ಮ" ಎಂದ ಕಂಡಕ್ಟರ್.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಯಾರೂ ಪರಿಶೀಲಿಸುವುದಿಲ್ಲ, ಸುಮ್ಮನಿರು ಎಂದ ಮಗ. ಸೊಸೆಯ ಚಿಂತೆ ಬೇರೆ. ರಾಮಮೂರ್ತಿ ನಗರದ ಒಂದು ಶಾಲೆಯವರು, ಶಾಲೆ ಶುರುವಾಗುವ ಮೊದಲು ಅಂಕಪಟ್ಟಿ ತಂದರೆ ಕೆಲಸ ನಿಮ್ಮದು ಎಂದಿದ್ದರು.

"ನನ್ನ ಪೇಪರ್ ನೀವು ನೋಡಿಲ್ಲ ತಾನೇ ಅತ್ತೆ? ಮತ್ತೆ ತಪ್ಪೆಲ್ಲಿ?"

ನಾಳೆ ಹೇಳಿಬಿಡುತ್ತೇನೆ ಎಂದೆ. ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಕೇಂದ್ರದ ಅಧಿಕಾರಿ ನನ್ನ ಕೈಕೆಳಗೆ ಕೆಲಸ ಕಲಿತವರು. ಬುಧವಾರ ಎಲ್ಲ ಕೇಳಿಸಿಕೊಂಡು ಎದ್ದು ಬಾಗಿಲು ಹಾಕಿದರು.

"ಹಳೇ ಫಾರ್ಮ್ ಹರಿದು ಹಾಕೋಣ ಮೇಡಂ. ಸೊಸೆ ಪರೀಕ್ಷೆ ಬರ್ದಿದ್ದಾಳೆ ಅಂತ ಸೋಮವಾರದ ತಾರೀಕಿಗೆ ಇನ್ನೊಂದು ಬರ್ಕೊಡಿ. ನಿಮ್ಮನ್ನ ಆ ಸಬ್ಜೆಕ್ಟಿಗೆ ಹಾಕ್ಲೇ ಇಲ್ಲ ಅಂತ ನಾನು ತೋರಿಸ್ತೀನಿ."

ಪ್ರೀತಿಯಿಂದಲೇ ಹೇಳಿದರು. ನಾನು ಸೋಮವಾರದ ತಾರೀಕು ಬರೆದೂಬಿಟ್ಟೆ. ಮುಂದಿನ ಸಾಲಿಗೆ ಪೆನ್ನು ಓಡಲಿಲ್ಲ. ತಾರೀಕು ಹೊಡೆದುಹಾಕಿ, ಬೇರೆ ಹಾಳೆ ಕೇಳಿ, ಬುಧವಾರದ ತಾರೀಕಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ.

"ಫ್ರೀ ಬಸ್ಸಲ್ಲೂ ಕಂಡಕ್ಟರನ್ನ ಕರ್ದು ಟಿಕೆಟ್ ತಗೊಳ್ಳೋರು ನೀವು, ನಿಮಗೆ ಹೇಳಿದ್ನಲ್ಲ" ಎಂದು ನಿಟ್ಟುಸಿರಿಟ್ಟು ಹಾಳೆ ತೆಗೆದುಕೊಂಡರು.

ಮಧ್ಯಾಹ್ನದೊಳಗೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿದರು. ಎರಡೂ ಕಟ್ಟುಗಳಿಗೆ ಬೇರೆಯವರಿಂದ ಹೊಸ ನಂಬರ್ ಹಾಕಿಸಿದರು. ಸೊಸೆಯ ಫಲಿತಾಂಶ ಮಾತ್ರ ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಲಾಯಿತು. ಅಷ್ಟರಲ್ಲಿ ಶಾಲೆ ಶುರುವಾಯಿತು, ಕೆಲಸ ಇನ್ನೊಬ್ಬಳಿಗೆ ಹೋಯಿತು.

ಕೊನೆಗೆ ಫಲಿತಾಂಶ ಬಂತು. ಒಳ್ಳೆಯ ಅಂಕವೇ. ಅವಳು ಫೋನ್ ನನ್ನ ಮುಂದೆ ಹಿಡಿದಳು. ವಿಚಾರಣೆ ಮಾಡಿದ ಸಮಿತಿಯವರೂ ನಿನ್ನದೇನೂ ತಪ್ಪಿಲ್ಲ ಎಂದರಂತೆ ಎಂದೆ.

"ನೀವು ಹೇಳಿದ್ದಕ್ಕೆ ನಂಗೆ ಕೋಪ ಇಲ್ಲ ಅತ್ತೆ. ಸೋಮವಾರಾನೇ ಓದಿ, ಸೊಸೆ ಬರ್ದಿದ್ದಾಳೆ ಅಂದಿದ್ರೆ ನಿಮಗೆ ಬೇರೆ ಸಬ್ಜೆಕ್ಟ್ ಕೊಡ್ತಿದ್ರು, ಅಷ್ಟೇ. ಅಲ್ವಾ?"

ಹೌದು ಎಂದೆ.

ಅವಳು ಫೈಲು ಹಿಡಿದು ಇನ್ನೊಂದು ಶಾಲೆಗೆ ಅರ್ಜಿ ಕೊಡಲು ಹೊರಟಳು. ನಾನು ಗೇಟಿನವರೆಗೆ ಹೋದೆ, ಒಳಗೆ ಬಂದೆ, ಮತ್ತೆ ಗೇಟಿಗೆ ಹೋದೆ.